ನೋಟ್ಸ್ ಹಿಡಿದು ಕೆಲಸ ಕೇಳಿದ ಹುಡುಗ

ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡವರಿಗೆಲ್ಲ ಲ್ಯಾಬ್ ರೆಕಾರ್ಡ್ ಹೇಗೆ ಬರೆಯುತ್ತಾರೆ ಎಂಬುದು ಗೊತ್ತು. ಸೀನಿಯರ್ ಒಬ್ಬರ ಹಳೆಯ ರೆಕಾರ್ಡ್ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ರೀಡಿಂಗ್ ಸರಿ ಬರದಿದ್ದರೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ತುಂಬಿಸಿದರಾಯಿತು. ನಾನೂ ಹಾಗೆ ಮಾಡಿದವನೇ. ತಂತಿಯ ಸುರುಳಿಯೊಳಗೆ ಕಾಂತ ತೂರಿಸಿ ಗ್ಯಾಲ್ವನೋಮೀಟರಿನ ಮುಳ್ಳು ಅಲುಗುವುದನ್ನು ನೋಡುವ ಪ್ರಯೋಗಕ್ಕೆ ನನಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಆ ಮುಳ್ಳು ಹಾಗೆ ಒಮ್ಮೆ ಅಲುಗುವುದನ್ನು ಕಾಣಲು ಒಬ್ಬ ಮನುಷ್ಯ ಹತ್ತು ವರ್ಷ ಒದ್ದಾಡಿದ್ದ ಎಂಬುದು ತಿಳಿದದ್ದು ತುಂಬಾ ತಡವಾಗಿ.

ಅವನೇ ಮೈಕೆಲ್ ಫ್ಯಾರಡೆ. ಡಿಗ್ರಿ ಇರಲಿಲ್ಲ, ಹೈಸ್ಕೂಲು ಕೂಡ ಕಾಣಲಿಲ್ಲ. ಗಣಿತ ಅಷ್ಟಕ್ಕಷ್ಟೇ. ಕೆಲಸ ಕೇಳಲು ಹೋದಾಗ ಅವನ ಕೈಯಲ್ಲಿದ್ದದ್ದು ಸ್ವಂತ ಕೈಬರಹದ ಒಂದು ನೋಟ್ಸ್ ಪುಸ್ತಕ ಮಾತ್ರ.

ವಾರಕ್ಕೊಂದು ಬ್ರೆಡ್

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ದಕ್ಷಿಣ ಅಂಚಿನ ನ್ಯೂಯಿಂಗ್ಟನ್ ಎಂಬಲ್ಲಿ. ಅಪ್ಪ ಕಮ್ಮಾರ. ಆರೋಗ್ಯ ಸರಿಯಿಲ್ಲದ್ದರಿಂದ ದಿನವೂ ಕೆಲಸಕ್ಕೆ ಹೋಗಲು ಆಗುತ್ತಿರಲಿಲ್ಲ. ಮನೆಯಲ್ಲಿ ನಾಲ್ಕು ಮಕ್ಕಳು. 1801ರಲ್ಲಿ ದವಸದ ಬೆಲೆ ಏರಿದಾಗ ಮೈಕೆಲ್ ಪಾಲಿಗೆ ಸಿಗುತ್ತಿದ್ದದ್ದು ವಾರಕ್ಕೊಂದು ಬ್ರೆಡ್. ಅದರಲ್ಲೇ ಏಳು ದಿನ ತಳ್ಳಬೇಕಿತ್ತು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಸ್ವಲ್ಪ ಲೆಕ್ಕ. ಅಷ್ಟೇ.

13ನೇ ವಯಸ್ಸಿಗೆ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಪೇಪರ್ ಹಂಚುವ ಹುಡುಗನಾಗಿ ಸೇರಿದ. ಹುಡುಗನ ನಿಯತ್ತು ನೋಡಿದ ರೀಬೋ ಮರುವರ್ಷ ಶುಲ್ಕವಿಲ್ಲದೆ ಬೈಂಡಿಂಗ್ ಕಲಿಯಲು ಇಟ್ಟುಕೊಂಡ. ಏಳು ವರ್ಷದ ಕರಾರು. ಹಗಲೆಲ್ಲ ಹಾಳೆ ಹೊಲಿದು, ಅಂಟು ಹಚ್ಚಿ, ರಟ್ಟು ಕಟ್ಟುವುದು. ಸಂಜೆ ಕೆಲಸ ಮುಗಿದ ಮೇಲೆ ತಾನು ಕಟ್ಟಿದ ಪುಸ್ತಕಗಳನ್ನೇ ಓದುವುದು. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಒಂದು ಸಂಪುಟದಲ್ಲಿ ವಿದ್ಯುತ್ತಿನ ಲೇಖನ ಸಿಕ್ಕಿತು. ಜೇನ್ ಮಾರ್ಸೆಟ್ ಎಂಬಾಕೆ ಸಾಮಾನ್ಯರಿಗಾಗಿ ಬರೆದ ರಸಾಯನಶಾಸ್ತ್ರದ ಪುಸ್ತಕವೂ ಸಿಕ್ಕಿತು. ಓದಿದ್ದು ನಿಜವೋ ಸುಳ್ಳೋ ಎಂದು ತಾನೇ ನೋಡಬೇಕೆಂಬ ಹಟ ಅವನಿಗೆ. ಪುಡಿಗಾಸು ಕೂಡಿಸಿ ಗಾಜಿನ ಬಾಟಲಿ ತಂದು, ಉಜ್ಜಿದರೆ ಕಿಡಿ ಹಾರುವ ಒಂದು ಸಣ್ಣ ಯಂತ್ರ ಮಾಡಿಕೊಂಡ.

ಆಗ ಲಂಡನ್ನಿನಲ್ಲಿ ಟೇಟಮ್ ಎಂಬವನ ಮನೆಯಲ್ಲಿ ಸಂಜೆ ವಿಜ್ಞಾನದ ಉಪನ್ಯಾಸಗಳು ನಡೆಯುತ್ತಿದ್ದವು. ಒಂದಕ್ಕೆ ಒಂದು ಶಿಲ್ಲಿಂಗ್. ಆ ದುಡ್ಡು ಕೊಟ್ಟದ್ದು ಅಪ್ಪನ ಕಸುಬನ್ನೇ ಹಿಡಿದಿದ್ದ ಅಣ್ಣ ರಾಬರ್ಟ್. ಉಪನ್ಯಾಸದಲ್ಲಿ ಕಂಡ ಉಪಕರಣಗಳ ಚಿತ್ರ ಬರೆಯಲು ಮೈಕೆಲ್‌ಗೆ ಬರುತ್ತಿರಲಿಲ್ಲ. ರೀಬೋ ಮನೆಯಲ್ಲಿ ಬಾಡಿಗೆಗಿದ್ದ ಫ್ರೆಂಚ್ ಚಿತ್ರಕಾರನೊಬ್ಬನ ಬಳಿ ಚಿತ್ರ ಕಲಿತ. ಫೀಸಿನ ಬದಲು ಅವನ ಬೂಟು ಉಜ್ಜಿ, ಕೋಣೆ ಗುಡಿಸಿಕೊಟ್ಟ.

ಉತ್ತರ ಬಾರದ ಅರ್ಜಿ

1812ರ ಆರಂಭದಲ್ಲಿ ಅಂಗಡಿಗೆ ಬರುತ್ತಿದ್ದ ಡಾನ್ಸ್ ಎಂಬ ಗಿರಾಕಿ ಅವನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನ ನಾಲ್ಕು ಉಪನ್ಯಾಸಗಳ ಟಿಕೆಟ್ ಕೊಟ್ಟ. ಮಾತನಾಡುವವನು ಹಂಫ್ರಿ ಡೇವಿ. ಆ ಕಾಲದ ಇಂಗ್ಲೆಂಡಿನಲ್ಲಿ ಅವನಷ್ಟು ಹೆಸರಾದ ರಸಾಯನ ವಿಜ್ಞಾನಿ ಇನ್ನೊಬ್ಬನಿರಲಿಲ್ಲ. ಫ್ಯಾರಡೆ ಗ್ಯಾಲರಿಯಲ್ಲಿ ಕುಳಿತು ಕೇಳಿದ, ಗುರುತು ಹಾಕಿಕೊಂಡ. ಮನೆಗೆ ಬಂದು ಎಲ್ಲವನ್ನೂ ವಿಸ್ತರಿಸಿ ಬರೆದ, ಚಿತ್ರ ಬಿಡಿಸಿದ. ಸುಮಾರು 300 ಪುಟ ಆಯಿತು. ಬೈಂಡಿಂಗ್ ಅವನ ಕಸುಬೇ ಆಗಿತ್ತಲ್ಲ, ತಾನೇ ಕಟ್ಟಿದ.

ಆ ಹೊತ್ತಿಗೆ ಅವನಿಗೆ ಕೆಲಸದ ಚಿಂತೆ ಶುರುವಾಗಿತ್ತು. ಕಲಿಕೆಯ ಏಳು ವರ್ಷ ಮುಗಿಯುತ್ತಾ ಬಂದಿತ್ತು. ಅಪ್ಪ ತೀರಿಹೋಗಿದ್ದ. ವಿಜ್ಞಾನಕ್ಕೆ ಸಂಬಂಧಪಟ್ಟ ಯಾವ ಕೆಲಸವಾದರೂ ಸರಿ, ಕೊಡಿಸಿ ಎಂದು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಾಗದ ಬರೆದ. ದಿನಗಳು ಕಳೆದವು. ಬಾಗಿಲಿಗೇ ಹೋಗಿ ವಿಚಾರಿಸಿದ. ಉತ್ತರವಿಲ್ಲ ಎಂಬುದೇ ಉತ್ತರ. ಅರ್ಜಿ ಹಾಕಿ ದಿನಕ್ಕೆ ನಾಲ್ಕು ಸಲ ಇ-ಮೇಲ್ ತೆರೆದು ನೋಡುವ ನಮಗೆ ಆ ಬಾಗಿಲ ಮುಂದೆ ನಿಂತವನ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಬೇರೊಬ್ಬ ಬೈಂಡರ್ ಬಳಿ ಸಂಬಳಕ್ಕೆ ಸೇರಿದ. ಆ ಯಜಮಾನ ಸಿಡುಕ. ಅದೇ ವರ್ಷದ ಕೊನೆಗೆ ಡೇವಿಗೆ ಪ್ರಯೋಗದಲ್ಲಿ ಸ್ಫೋಟವಾಗಿ ಕಣ್ಣಿಗೆ ಪೆಟ್ಟಾಯಿತು. ಹೇಳಿದ್ದನ್ನು ಬರೆದುಕೊಳ್ಳಲು ಯಾರಾದರೂ ಬೇಕಾದಾಗ ಫ್ಯಾರಡೆಗೆ ಕೆಲವು ದಿನ ಆ ಅವಕಾಶ ಸಿಕ್ಕಿತು. ಡಿಸೆಂಬರಿನಲ್ಲಿ ಫ್ಯಾರಡೆ ಧೈರ್ಯ ಮಾಡಿ ತನ್ನ ನೋಟ್ಸ್ ಪುಸ್ತಕವನ್ನು ಡೇವಿಗೆ ಕಳಿಸಿಕೊಟ್ಟ. ಡೇವಿ ಕರೆಸಿ ಮಾತನಾಡಿದ. ಜಾಗ ಖಾಲಿ ಇಲ್ಲ, ಬೈಂಡಿಂಗ್ ಬಿಡಬೇಡ ಎಂದು ಬುದ್ಧಿ ಹೇಳಿ ಕಳಿಸಿದ. ಇಂಥ ಹುಡುಗನನ್ನು ಏನು ಮಾಡುವುದೆಂದು ಡೇವಿ ತನ್ನ ಪರಿಚಯದವನೊಬ್ಬನನ್ನು ಕೇಳಿದ್ದನಂತೆ. ಬಾಟಲಿ ತೊಳೆಯಲು ಹಚ್ಚಿ ನೋಡು, ಕೆಲಸಕ್ಕೆ ಬರುವವನಾದರೆ ಮರುಮಾತಿಲ್ಲದೆ ತೊಳೆಯುತ್ತಾನೆ ಎಂದನಂತೆ ಅವನು.

ಮುಂದಿನದು ಅದೃಷ್ಟ. ಪ್ರಯೋಗಾಲಯದ ಸಹಾಯಕ ಹೊಡೆದಾಟ ಮಾಡಿ ಕೆಲಸ ಕಳೆದುಕೊಂಡ. ಒಂದು ರಾತ್ರಿ ಫ್ಯಾರಡೆ ಮಲಗಲು ಅಣಿಯಾಗುತ್ತಿದ್ದಾಗ ಮನೆ ಮುಂದೆ ಡೇವಿಯ ಗಾಡಿ ಬಂದು ನಿಂತಿತು. 1813ರ ಮಾರ್ಚ್ 1ರಂದು ನೇಮಕವಾಯಿತು. ವಾರಕ್ಕೆ 25 ಶಿಲ್ಲಿಂಗ್ ಸಂಬಳ, ಮಹಡಿಯ ಮೇಲೆ ಎರಡು ಕೋಣೆ, ಕಲ್ಲಿದ್ದಲು ಮತ್ತು ಮೇಣದಬತ್ತಿ. ಟಿಕೆಟ್ ಕೊಟ್ಟ ಗಿರಾಕಿ, ಡೇವಿಗಾದ ಗಾಯ, ಜಗಳವಾಡಿದ ಸಹಾಯಕ, ಇದ್ಯಾವುದೂ ಫ್ಯಾರಡೆಯ ಕೈಯಲ್ಲಿರಲಿಲ್ಲ. ಆದರೆ ಜಾಗ ಖಾಲಿಯಾದಾಗ ಡೇವಿಗೆ ಅವನೇ ನೆನಪಾಗಲು ಆ 300 ಪುಟ ಕಾರಣ.

ಸೂಜಿ ತಿರುಗಿತು, ತಂತಿ ಸುತ್ತಿತು

ಕೆಲಸ ಸಿಕ್ಕ ಕೂಡಲೇ ಸುಖ ಸಿಗಲಿಲ್ಲ. ಡೇವಿ ಯುರೋಪ್ ಪ್ರವಾಸ ಹೊರಟಾಗ ಸೇವಕ ಬರಲೊಪ್ಪಲಿಲ್ಲ, ಅವನ ಕೆಲಸವೂ ಫ್ಯಾರಡೆಯ ತಲೆಗೇ ಬಂತು. ಡೇವಿಯ ಹೆಂಡತಿ ಅವನನ್ನು ಆಳಿನಂತೆಯೇ ಕಂಡಳು. ಬಿಟ್ಟು ಬೈಂಡಿಂಗ್‌ಗೆ ಮರಳೋಣ ಎಂದು ಅವನಿಗೆ ಅನ್ನಿಸಿದ್ದುಂಟು. ಬಿಡಲಿಲ್ಲ. ಆ ಒಂದೂವರೆ ವರ್ಷದಲ್ಲಿ ಆಂಪೇರ್ ಮತ್ತು ವೋಲ್ಟಾ ಇಬ್ಬರನ್ನೂ ಕಣ್ಣಾರೆ ಕಂಡ.

1820ರಲ್ಲಿ ಕೋಪನ್‌ಹೇಗನ್ನಿನಿಂದ ಒಂದು ಸುದ್ದಿ ಬಂತು. ತಂತಿಯಲ್ಲಿ ಕರೆಂಟ್ ಹರಿಸಿದರೆ ಪಕ್ಕದಲ್ಲಿಟ್ಟ ದಿಕ್ಸೂಚಿಯ ಸೂಜಿ ತಿರುಗುತ್ತದೆ ಎಂದು ಅರ್ಸ್ಟೆಡ್ ತೋರಿಸಿದ್ದ. ಅಲ್ಲಿಯವರೆಗೆ ವಿದ್ಯುತ್ತೇ ಬೇರೆ, ಕಾಂತವೇ ಬೇರೆ ಎಂದುಕೊಂಡಿದ್ದರು. ಕರೆಂಟ್ ಹರಿಯುವ ತಂತಿಯೂ ಒಂದು ಕಾಂತ ಎಂದು ಆಗ ಗೊತ್ತಾಯಿತು.

ಫ್ಯಾರಡೆ ಸೂಜಿಯನ್ನು ತಂತಿಯ ಸುತ್ತಲೂ ಇಟ್ಟು ನೋಡಿದ. ತಂತಿ ಅದನ್ನು ಎಳೆಯುತ್ತಲೂ ಇಲ್ಲ, ತಳ್ಳುತ್ತಲೂ ಇಲ್ಲ. ಸುತ್ತ ತಿರುಗಿಸಲು ನೋಡುತ್ತಿದೆ. ಹಾಗಾದರೆ ತಡೆಯಿಲ್ಲದೆ ಬಿಟ್ಟರೆ ಸುತ್ತುತ್ತಲೇ ಇರಬೇಕಲ್ಲ? 1821ರ ಸೆಪ್ಟೆಂಬರಿನಲ್ಲಿ ಪಾದರಸ ತುಂಬಿದ ಬಟ್ಟಲಿನಲ್ಲಿ ಕಾಂತವೊಂದನ್ನು ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಸಡಿಲವಾಗಿ ತಂತಿ ಇಳಿಬಿಟ್ಟ. ಬ್ಯಾಟರಿ ಜೋಡಿಸಿದೊಡನೆ ತಂತಿ ಕಾಂತದ ಸುತ್ತ ಗಿರಗಿರನೆ ತಿರುಗತೊಡಗಿತು. ಜೊತೆಗಿದ್ದ ಹೆಂಡತಿಯ ತಮ್ಮನೆದುರು ಫ್ಯಾರಡೆ ಕುಣಿದೇಬಿಟ್ಟ. ನಮ್ಮ ಫ್ಯಾನು, ಮಿಕ್ಸಿ, ಪಂಪ್‌ಸೆಟ್ಟುಗಳ ಮೂಲ ಈ ಬಟ್ಟಲಿನಲ್ಲಿದೆ.

ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ತಂತಿ ತಿರುಗಬಹುದೆಂಬ ವಿಚಾರವನ್ನು ಹಿರಿಯ ವಿಜ್ಞಾನಿ ವೊಲಾಸ್ಟನ್ ಅದಕ್ಕೂ ಮೊದಲೇ ಡೇವಿಯ ಜೊತೆ ಚರ್ಚಿಸಿದ್ದ. ಅವನ ಊಹೆ ಬೇರೆ ಬಗೆಯದು, ಪ್ರಯೋಗವೂ ಫಲಿಸಿರಲಿಲ್ಲ. ಆದರೂ ಅವಸರದಲ್ಲಿ ಪ್ರಕಟಿಸಿದ ಫ್ಯಾರಡೆ ಅವನ ಹೆಸರು ಹೇಳದೇ ಬಿಟ್ಟಿದ್ದ. ಕದ್ದ ಎಂಬ ಮಾತು ಹರಡಿತು. ಫ್ಯಾರಡೆಯನ್ನು ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಸೂಚಿಸಿದಾಗ ವಿರೋಧಿಸಿದ್ದು ಬೇರೆ ಯಾರೂ ಅಲ್ಲ, ಆಗ ಅಲ್ಲಿ ಅಧ್ಯಕ್ಷನಾಗಿದ್ದ ಡೇವಿ. ಕೈಹಿಡಿದು ಮೇಲೆತ್ತಿದವನೇ ಅಡ್ಡ ನಿಂತ. 1824ರಲ್ಲಿ ಫ್ಯಾರಡೆ ಆಯ್ಕೆಯಾದ, ವಿರುದ್ಧ ಬಿದ್ದದ್ದು ಒಂದೇ ಮತ. ಡೇವಿಯ ಬಗ್ಗೆ ಅವನು ಕೊನೆಯವರೆಗೂ ಹಗುರವಾಗಿ ಮಾತನಾಡಲಿಲ್ಲ.

ಹತ್ತು ವರ್ಷದ ಪ್ರಶ್ನೆ

ವಿದ್ಯುತ್ತಿನಿಂದ ಕಾಂತಶಕ್ತಿ ಹುಟ್ಟುವುದಾದರೆ ಕಾಂತದಿಂದ ವಿದ್ಯುತ್ ಯಾಕೆ ಹುಟ್ಟಬಾರದು? ಈ ಪ್ರಶ್ನೆಯನ್ನು ಫ್ಯಾರಡೆ 1822ರಲ್ಲೇ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ. 1824, 1825, 1828ರಲ್ಲಿ ಪ್ರಯತ್ನಿಸಿ ಸೋತ. ಪ್ರತಿ ಸಲವೂ ಏನು ಮಾಡಿದೆ, ಏನು ಕಾಣಲಿಲ್ಲ ಎಂದು ಬರೆದಿಟ್ಟ. ನಡುವೆ ದೂರದರ್ಶಕಕ್ಕೆ ಒಳ್ಳೆಯ ಗಾಜು ತಯಾರಿಸುವ ಸರಕಾರಿ ಕೆಲಸ ಹೆಗಲೇರಿ ವರ್ಷಗಳನ್ನೇ ತಿಂದಿತು.

ಸೋತವನು ಅವನೊಬ್ಬನೇ ಅಲ್ಲ. ಜಿನೀವಾದ ಕೊಲಾಡನ್ 1825ರಲ್ಲಿ ಸುರುಳಿಗೆ ಗ್ಯಾಲ್ವನೋಮೀಟರ್ ಜೋಡಿಸಿ ಅದರ ಬಳಿ ದೊಡ್ಡ ಕಾಂತವನ್ನು ತಂದ. ಕಾಂತ ನೇರವಾಗಿ ಮುಳ್ಳನ್ನೇ ಎಳೆಯಬಾರದೆಂದು ಮೀಟರನ್ನು ಬೇರೆ ಕೋಣೆಯಲ್ಲಿಟ್ಟಿದ್ದ. ಇಲ್ಲಿ ಕಾಂತ ತೂರಿಸಿ ಅಲ್ಲಿಗೆ ನಡೆದುಹೋಗಿ ನೋಡುವಷ್ಟರಲ್ಲಿ ಮುಳ್ಳು ಸೊನ್ನೆಗೆ ಮರಳಿರುತ್ತಿತ್ತು. ಬಾಗಿಲ ಬಳಿ ಒಬ್ಬ ಹುಡುಗನನ್ನು ನಿಲ್ಲಿಸಿಕೊಂಡಿದ್ದರೆ ಇವತ್ತು ಪಠ್ಯಪುಸ್ತಕದಲ್ಲಿ ಅವನ ಹೆಸರಿರುತ್ತಿತ್ತೋ ಏನೋ. ಎಲ್ಲರೂ ಮಾಡಿಕೊಂಡ ತಪ್ಪು ಒಂದೇ. ಕಾಂತ ಇದ್ದಷ್ಟು ಹೊತ್ತೂ ಕರೆಂಟ್ ಬರಬೇಕು ಎಂದುಕೊಂಡಿದ್ದರು.

1831ರ ಆಗಸ್ಟ್ 29. ಫ್ಯಾರಡೆಯ ಮೇಜಿನ ಮೇಲೆ ಆರು ಇಂಚು ಅಗಲದ ಕಬ್ಬಿಣದ ಬಳೆ. ಅದರ ಒಂದು ಅರ್ಧಕ್ಕೆ ಒಂದಿಷ್ಟು ಸುರುಳಿ, ಇನ್ನೊಂದು ಅರ್ಧಕ್ಕೆ ಬೇರೆ ಸುರುಳಿ. ಎರಡೂ ಒಂದಕ್ಕೊಂದು ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯ ತಂತಿ ಅಂಗಡಿಯಲ್ಲಿ ಸಿಗುವ ಕಾಲವಲ್ಲ ಅದು. ಬರಿಯ ತಾಮ್ರದ ತಂತಿ ಸುತ್ತಿ, ನಡುನಡುವೆ ದಾರ, ಪದರ ಪದರಕ್ಕೂ ಹತ್ತಿಬಟ್ಟೆ ಹಾಕಿದ್ದ. ಬೈಂಡಿಂಗ್ ಪಳಗಿದ ಕೈ ಅದು. ಒಂದು ಸುರುಳಿಗೆ ಬ್ಯಾಟರಿ, ಇನ್ನೊಂದರ ತಂತಿ ಮೂರು ಅಡಿ ದೂರದ ಕಾಂತಸೂಜಿಯ ಮೇಲೆ.

ಬ್ಯಾಟರಿ ಜೋಡಿಸಿದ. ಸೂಜಿ ಅಲುಗಿ ಮತ್ತೆ ಸ್ವಸ್ಥಾನಕ್ಕೆ ಬಂದು ನಿಂತಿತು. ಕರೆಂಟ್ ಹರಿಯುತ್ತಲೇ ಇದೆ, ಸೂಜಿ ಮಾತ್ರ ಸುಮ್ಮನಿದೆ. ಬ್ಯಾಟರಿ ಬಿಡಿಸಿದ. ಮತ್ತೊಮ್ಮೆ ಅಲುಗಿತು. ಬೇರೆಯವರಾದರೆ ಮೇಜು ಅಲ್ಲಾಡಿರಬೇಕು ಎಂದು ಬಿಡುತ್ತಿದ್ದರು. ಸೋಲನ್ನೂ ಬರೆದಿಟ್ಟು ರೂಢಿಯಿದ್ದ ಫ್ಯಾರಡೆ ಇದನ್ನೂ ಬರೆದ, ಮತ್ತೆ ಮತ್ತೆ ನೋಡಿದ.

ಅಕ್ಟೋಬರ್ 17ರಂದು ಬ್ಯಾಟರಿಯನ್ನೇ ಬಿಟ್ಟ. ಕಾಗದದ ಕೊಳವೆಯ ಮೇಲೆ ತಂತಿ ಸುತ್ತಿ ಅದರೊಳಗೆ ಕಾಂತದ ಕಡ್ಡಿಯನ್ನು ಸರಕ್ಕನೆ ತೂರಿಸಿದ. ಮುಳ್ಳು ಒಂದು ಕಡೆ ವಾಲಿತು. ಎಳೆದಾಗ ಇನ್ನೊಂದು ಕಡೆ. ಒಳಗೇ ಬಿಟ್ಟರೆ ಏನೂ ಇಲ್ಲ. ಇದೇ ನಾನು ಹತ್ತು ನಿಮಿಷದಲ್ಲಿ ಮುಗಿಸಿದ ಪ್ರಯೋಗ. ಕಾಂತ ಸುಮ್ಮನೆ ಇದ್ದರೆ ಸಾಲದು. ಸುರುಳಿಯನ್ನು ಹಾದುಹೋಗುವ ಕಾಂತಕ್ಷೇತ್ರ ಬದಲಾಗುತ್ತಿರಬೇಕು. ಎಷ್ಟು ಬೇಗ ಬದಲಾಗುತ್ತದೋ ಅಷ್ಟು ಹೆಚ್ಚು ವೋಲ್ಟೇಜ್. ವಿದ್ಯುತ್ಕಾಂತೀಯ ಪ್ರೇರಣೆಯ ನಿಯಮದ ತಿರುಳು ಇಷ್ಟೇ.

ಅಕ್ಟೋಬರ್ 28ರಂದು ದೊಡ್ಡ ಕಾಂತದ ಎರಡು ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿ, ನಿಲ್ಲದೆ ಹರಿಯುವ ಕರೆಂಟ್ ಪಡೆದ. ಜಗತ್ತಿನ ಮೊದಲ ಜನರೇಟರ್ ಅದು. ಈ ಸಲ ತಡಮಾಡಲಿಲ್ಲ, ನವೆಂಬರ್ 24ರಂದೇ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಬಂತು. ಅಮೆರಿಕದಲ್ಲಿ ಜೋಸೆಫ್ ಹೆನ್ರಿ ಎಂಬ ಶಿಕ್ಷಕನೂ ಸ್ವತಂತ್ರವಾಗಿ ಇದೇ ದಾರಿಯಲ್ಲಿದ್ದ. ಆದರೆ ಮೊದಲು ಪ್ರಕಟಿಸಿದ್ದು ಫ್ಯಾರಡೆ.

ವೈವಾದಲ್ಲಿ ಟ್ರಾನ್ಸ್‌ಫಾರ್ಮರ್‌ಗೆ ಬ್ಯಾಟರಿ ಜೋಡಿಸಿದರೆ ಏನಾಗುತ್ತದೆ ಎಂದು ಕೇಳಿದರೆ ಆ ಬಳೆಯನ್ನು ನೆನೆಸಿಕೊಳ್ಳಿ. ಜೋಡಿಸುವ, ಬಿಡಿಸುವ ಗಳಿಗೆಯಲ್ಲಿ ಮಾತ್ರ ಏನೋ ಆಗುತ್ತದೆ. ನಮ್ಮ ಮನೆಗೆ ಬರುವ ಎ.ಸಿ. ಕರೆಂಟ್ ಸೆಕೆಂಡಿಗೆ 50 ಆವರ್ತಗಳಂತೆ ದಿಕ್ಕು ಬದಲಿಸುತ್ತಲೇ ಇರುತ್ತದೆ, ಆದ್ದರಿಂದ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುತ್ತದೆ. ಊರ ಕಡೆ ನಾವು ಟಿ.ಸಿ. ಎಂದು ಕರೆಯುವ ಕಂಬದ ಮೇಲಿನ ಪೆಟ್ಟಿಗೆ ಆ ಬಳೆಯ ವಂಶದ್ದೇ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ಜನರೇಟರ್ ತಿರುಗಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದೂ ಇದೇ ನಿಯಮದ ಬಲದಿಂದ.

ಗಣಿತ ಬಾರದವನ ಗೆರೆಗಳು

ಫ್ಯಾರಡೆಯ ಪ್ರಬಂಧಗಳಲ್ಲಿ ಸಮೀಕರಣಗಳೇ ಇಲ್ಲ. ಅವನು ಯೋಚಿಸುತ್ತಿದ್ದದ್ದು ಚಿತ್ರಗಳಲ್ಲಿ. ಕಾಂತದ ಮೇಲೆ ಕಾಗದ ಇಟ್ಟು ಕಬ್ಬಿಣದ ಪುಡಿ ಉದುರಿಸಿದರೆ ಬಾಗಿದ ಗೆರೆಗಳು ಮೂಡುತ್ತವಲ್ಲ, ಅವು ಕಾಂತದ ಸುತ್ತಲಿನ ಖಾಲಿ ಜಾಗದ ನಿಜ ಸ್ಥಿತಿಯನ್ನು ತೋರಿಸುತ್ತವೆ ಎಂದು ನಂಬಿದ. ಅವನ್ನು ಬಲರೇಖೆಗಳು ಎಂದ. ಗಣಿತ ಬಲ್ಲ ಪಂಡಿತರು ಹೆಚ್ಚು ಬೆಲೆ ಕೊಡಲಿಲ್ಲ. ಬೆಲೆ ಕೊಟ್ಟವನು ಮ್ಯಾಕ್ಸ್‌ವೆಲ್, ಫ್ಯಾರಡೆ ಬಳೆ ಸುತ್ತಿದ 1831ರಲ್ಲೇ ಹುಟ್ಟಿದವನು. ಆ ಗೆರೆಗಳಿಗೆ ಅವನು ಗಣಿತದ ರೂಪ ಕೊಟ್ಟ. ಬೆಳಕೂ ವಿದ್ಯುತ್ಕಾಂತೀಯ ಅಲೆ ಎಂಬ ತೀರ್ಮಾನಕ್ಕೆ ಅದೇ ದಾರಿಯಾಯಿತು. 65 ದಾಟಿದ್ದ ಫ್ಯಾರಡೆ, ಗಣಿತದಲ್ಲಿ ಕಂಡದ್ದನ್ನು ನನ್ನಂಥವರಿಗೂ ತಿಳಿಯುವ ಮಾತಿನಲ್ಲಿ ಹೇಳಲಾಗದೇ ಎಂದು ಆ ಯುವಕನಿಗೆ ಕಾಗದ ಬರೆದು ಕೇಳಿದ. ಗೊತ್ತಿಲ್ಲದ್ದನ್ನು ಕಿರಿಯನ ಬಳಿ ಕೇಳಲು ಅವನಿಗೆ ನಾಚಿಕೆಯಿರಲಿಲ್ಲ.

ನೆನಪು ಕೈಕೊಟ್ಟಾಗ

ನೋಟ್‌ಬುಕ್ಕಿನ ನಿಜವಾದ ಬೆಲೆ ಗೊತ್ತಾದದ್ದು ಆಮೇಲೆ. 50ರ ಆಸುಪಾಸಿನಲ್ಲಿ ಫ್ಯಾರಡೆಗೆ ತಲೆಸುತ್ತು, ಮರೆವು ಶುರುವಾಯಿತು. ತಾನು ಯಾವ ಪ್ರಯೋಗ ಮಾಡಿದ್ದೆ ಎಂಬುದೇ ಮರೆಯುತ್ತಿತ್ತು. ಡಾಕ್ಟರ ಸಲಹೆಯಂತೆ ಕೆಲಸ ನಿಲ್ಲಿಸಿ 1841ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋದ. ನೆನಪೇ ಬಂಡವಾಳವಾದವನಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಫ್ಯಾರಡೆಯ ನೆನಪು ತಲೆಯಲ್ಲಿರಲಿಲ್ಲ, ಪುಸ್ತಕದಲ್ಲಿತ್ತು. 1832ರಿಂದ ದಿನಚರಿಯ ಪ್ರತಿ ಪ್ಯಾರಾಗೂ ಸಂಖ್ಯೆ ಹಾಕುತ್ತಾ ಬಂದಿದ್ದ. ಆ ಸಂಖ್ಯೆ ಕೊನೆಗೆ 16041ರವರೆಗೆ ಹೋಯಿತು.

ಚೇತರಿಸಿಕೊಂಡು 1845ರಲ್ಲಿ ಮತ್ತೆ ಪ್ರಯೋಗಾಲಯಕ್ಕೆ ಇಳಿದ. ದೂರದರ್ಶಕಕ್ಕೆಂದು ವರ್ಷಗಟ್ಟಲೆ ಹೆಣಗಿ ಮಾಡಿದ್ದ ಭಾರದ ಗಾಜಿನ ತುಂಡೊಂದು ಆಗ ಕೈಗೆ ಬಂತು. ಅದರ ಮೂಲಕ ಬೆಳಕು ಹಾಯಿಸಿ ಕಾಂತದ ಪ್ರಭಾವಕ್ಕೆ ಒಡ್ಡಿದಾಗ ಬೆಳಕಿನ ಧ್ರುವೀಕರಣದ ದಿಕ್ಕು ತಿರುಗಿತು. ಬೆಳಕಿಗೂ ಕಾಂತಕ್ಕೂ ನಂಟಿದೆ ಎಂಬುದಕ್ಕೆ ಮೊದಲ ಸಾಕ್ಷಿ. ವ್ಯರ್ಥವಾಯಿತು ಎಂದುಕೊಂಡ ವರ್ಷಗಳು ಹೀಗೆ ಬಡ್ಡಿ ಸಮೇತ ಮರಳಿದವು.

1862ರಲ್ಲಿ ಕೊನೆಯ ಪ್ರಯೋಗ. ಜ್ವಾಲೆಯ ಬೆಳಕಿನಲ್ಲಿ ಕಾಣುವ ಬಣ್ಣದ ಗೆರೆಗಳನ್ನು ಕಾಂತ ಬದಲಿಸುತ್ತದೆಯೇ ಎಂದು ನೋಡಿದ. ಏನೂ ಕಾಣಲಿಲ್ಲ. ಕಾಣಲಿಲ್ಲ ಎಂಬುದನ್ನೂ ಬರೆದಿಟ್ಟ. ಮೂವತ್ತು ವರ್ಷ ದಾಟಿದ ಮೇಲೆ ಹಾಲೆಂಡಿನ ಜೀಮನ್ ಎಂಬ ತರುಣ ಈ ಸೋತ ಪ್ರಯೋಗದ ವಿಷಯ ಓದಿದ. ಫ್ಯಾರಡೆಯೇ ಪ್ರಯತ್ನಿಸಿದ್ದಾನೆಂದರೆ ಇನ್ನೊಮ್ಮೆ ನೋಡಬೇಕು ಅನ್ನಿಸಿತು. 1896ರಲ್ಲಿ ಉತ್ತಮ ಉಪಕರಣದಿಂದ ನೋಡಿದಾಗ ಗೆರೆಗಳು ಅಗಲವಾದದ್ದು ಕಂಡಿತು. 1902ರ ನೊಬೆಲ್ ಬಹುಮಾನದಲ್ಲಿ ಅವನಿಗೆ ಪಾಲು ಸಿಕ್ಕಿತು.

ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಬಂದಾಗ ಫ್ಯಾರಡೆ ಬೇಡವೆಂದ. ಕ್ರಿಮಿಯಾ ಯುದ್ಧದ ಕಾಲದಲ್ಲಿ ವಿಷಾನಿಲದ ಕೆಲಸಕ್ಕೆ ಕೈಜೋಡಿಸಲೂ ಒಪ್ಪಲಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆ ಪಾಠ ಮಾಡುವುದೆಂದರೆ ಮಾತ್ರ ಎಲ್ಲಿಲ್ಲದ ಉತ್ಸಾಹ. ಹತ್ತೊಂಬತ್ತು ಬಾರಿ ಆ ಉಪನ್ಯಾಸ ಮಾಲೆ ನಡೆಸಿದ. 1867ರ ಆಗಸ್ಟ್ 25ರಂದು ತನ್ನ ಓದುವ ಕೋಣೆಯ ಕುರ್ಚಿಯಲ್ಲಿ ಕುಳಿತಂತೆಯೇ ತೀರಿಕೊಂಡ. ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಸಮಾಧಿಯಿದೆ. ಕೆಪಾಸಿಟರ್ ಮೇಲೆ ಬರೆಯುವ ಫ್ಯಾರಡ್ ಎಂಬ ಏಕಮಾನ ಅವನ ಹೆಸರಿನದೇ.

ಇದನ್ನೆಲ್ಲ ಓದಿದ ಮೇಲೆ ನನ್ನ ಹಳೆಯ ರೆಕಾರ್ಡ್ ಹುಡುಕಿ ತೆಗೆದೆ. ಎಲ್ಲ ರೀಡಿಂಗ್ ಸರಿಯಾಗಿವೆ, ಎಲ್ಲ ಪುಟಕ್ಕೂ ಸಹಿ ಬಿದ್ದಿದೆ. ನಾನು ನಿಜವಾಗಿ ಕಂಡದ್ದು ಮಾತ್ರ ಅದರಲ್ಲಿ ಒಂದೂ ಇಲ್ಲ. ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಒಂದು ಬೇರೆ ನೋಟ್‌ಬುಕ್ ಇಟ್ಟಿದ್ದೇನೆ. ತಪ್ಪಾದ ಲೆಕ್ಕ, ಅರ್ಥವಾಗದ ಪಾಠ, ಉತ್ತರ ಬಾರದ ಅರ್ಜಿಯ ದಿನಾಂಕ, ಎಲ್ಲವನ್ನೂ ಅದರಲ್ಲಿ ಬರೆಯುತ್ತೇನೆ. ಅದರಿಂದ ಕೆಲಸ ಸಿಗುತ್ತದೆ ಎಂದು ಹೇಳಲಾರೆ. ಆದರೆ ಹೋದ ತಿಂಗಳು ಮಾಡಿದ ತಪ್ಪು ಯಾವುದೆಂದು ಯಾರಾದರೂ ಕೇಳಿದರೆ ಈಗ ನನಗೆ ಗೊತ್ತಿದೆ. ನೀವೂ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಸೀನಿಯರ್ ರೆಕಾರ್ಡ್ ನೋಡದೆ ಮೊದಲ ಪುಟ ಬರೆಯಿರಿ.